ಕಲಬುರಗಿಯ ಬೇಸಿಗೆಯಲ್ಲಿ ಡ್ವಾರ್ಫ್ ಹ್ಯಾಮ್‌ಸ್ಟರ್ ಸಾಕುವುದು ಹೇಗೆ? ಅನುಭವಿಗಳು ತಿಳಿಸಿರಿ

ಜೇವರ್ಗಿ ರಸ್ತೆ, ಕಲಬುರಗಿ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ನಮ್ಮ ಪಕ್ಕದ ಮನೆಯವರಿಗೆ ದೂರದ ಊರಿಗೆ ವರ್ಗವಾದ್ದರಿಂದ, ಅವರು ಸಾಕಿಕೊಂಡಿದ್ದ, ಇಲಿ ಜಾತಿಯ ಪುಟ್ಟ ಪ್ರಾಣಿಯಾದ ಡ್ವಾರ್ಫ್ ಹ್ಯಾಮ್‌ಸ್ಟರನ್ನು ನಮಗೆ ಒಪ್ಪಿಸಿ ಹೋಗಿದ್ದಾರೆ. ಬೂದುಗಂದು ಬಣ್ಣ, ಬೆನ್ನಿನ ಉದ್ದಕ್ಕೂ ಒಂದು ಕಪ್ಪು ಗೆರೆ, ಮುಷ್ಟಿಯೊಳಗೆ ಅಡಗುವಷ್ಟು ಚಿಕ್ಕ ಮೈ. ಅದರ ಜೊತೆಗೆ ಬಂದದ್ದು ಒಂದೂವರೆ ಅಡಿ ಉದ್ದದ ತಂತಿಯ ಪಂಜರ, ಅಂಗೈ ಅಗಲದ ತಂತಿ ಚಕ್ರ ಮತ್ತು ಒಂದು ಚೀಲ ಸೂರ್ಯಕಾಂತಿ ಬೀಜ. ಹಗಲೆಲ್ಲ ಮೂಲೆಯಲ್ಲಿ ಮುದುಡಿ ಮಲಗಿರುತ್ತದೆ. ಆರನೆಯ ತರಗತಿಯಲ್ಲಿ ಓದುವ ಮಗಳು ಎತ್ತಿಕೊಳ್ಳಲು ಹೋದರೆ ಕಿರುಚಿ ಕಚ್ಚುತ್ತದೆ, ರಾತ್ರಿಯಾದರೆ ಪಂಜರದ ತಂತಿಗಳನ್ನು ಬಿಡದೆ ಕಡಿಯುತ್ತದೆ.

ನಮ್ಮದು ಎರಡನೆಯ ಮಹಡಿಯ ಮನೆ, ಅದರ ಮೇಲೆ ಬರೀ ಮಾಳಿಗೆ. ಫೆಬ್ರವರಿ ಮುಗಿಯುವ ಮೊದಲೇ ಮಧ್ಯಾಹ್ನದ ಹೊತ್ತಿಗೆ ಗೋಡೆಗಳು ಕಾಯತೊಡಗಿವೆ. ನಾನು ಓದಿದ ಸಲಹೆಗಳೆಲ್ಲ ಚಳಿ ದೇಶದವರು ಬರೆದವು. ಅವುಗಳಲ್ಲಿ ಹ್ಯಾಮ್‌ಸ್ಟರನ್ನು ಬೆಚ್ಚಗಿಡುವ ಉಪಾಯಗಳಿವೆಯೇ ಹೊರತು ನಮ್ಮ ಏಪ್ರಿಲ್–ಮೇ ತಿಂಗಳ ಮಾತಿಲ್ಲ. ಈ ಜೀವ ಇಲ್ಲಿಯ ಬಿಸಿಲು ತಡೆದೀತೇ? ಏನು ತಿನ್ನಿಸಬೇಕು? ಒಂಟಿಯಾಗಿ ಕೊರಗದಂತೆ ಇನ್ನೊಂದನ್ನು ತಂದು ಜೊತೆ ಮಾಡಬೇಕೇ? ನಮ್ಮ ಭಾಗದಲ್ಲಿ ಸಾಕಿದವರು ದಯವಿಟ್ಟು ತಿಳಿಸಿರಿ.

ಪಶುವೈದ್ಯರು, ಬೀದರ್

ಅಕ್ಕನವರೇ, ನೀವು ಮೊದಲು ಬಿಸಿಲಿನ ಬಗ್ಗೆ ಕೇಳಿದ್ದು ಸರಿಯಾಗಿದೆ. ಉಳಿದ ಕೊರತೆಗಳನ್ನು ಒಂದೆರಡು ವಾರ ತಡವಾಗಿ ಸರಿಪಡಿಸಿದರೂ ಪ್ರಾಣಿ ಬದುಕುತ್ತದೆ, ಆದರೆ ಕಾದ ಕೋಣೆಯ ಒಂದು ಮಧ್ಯಾಹ್ನ ಅದರ ಜೀವ ತೆಗೆಯಬಲ್ಲದು.

ಬೆನ್ನ ಮೇಲೆ ಕಪ್ಪು ಗೆರೆ ಇದೆ ಎಂದಿರುವುದರಿಂದ ಅದು ಕ್ಯಾಂಪ್‌ಬೆಲ್ ತಳಿಯೋ, ವಿಂಟರ್ ವೈಟ್ ತಳಿಯೋ, ಅಥವಾ ಇವೆರಡರ ಮಿಶ್ರಣವೋ ಆಗಿರಬೇಕು. ಇನ್ನೊಂದು ಡ್ವಾರ್ಫ್ ತಳಿಯಾದ ರೊಬೊರೊವ್‌ಸ್ಕಿಗೆ ಗೆರೆ ಇರುವುದಿಲ್ಲ, ಕಣ್ಣಿನ ಮೇಲೆ ಹುಬ್ಬಿನಂತೆ ಬಿಳಿ ಕೂದಲಿರುತ್ತದೆ, ತೂಕವೂ 20–25 ಗ್ರಾಂ ಮಾತ್ರ. ನಿಮ್ಮದು 30ರಿಂದ 50 ಗ್ರಾಂ ತೂಗಬಹುದು. ಕ್ಯಾಂಪ್‌ಬೆಲ್ ಮಂಗೋಲಿಯಾ ಮತ್ತು ಅದರ ನೆರೆಯ ಹುಲ್ಲುಗಾವಲಿನದು. ವಿಂಟರ್ ವೈಟ್ ಕಜಾಕಸ್ತಾನ ಮತ್ತು ನೈರುತ್ಯ ಸೈಬೀರಿಯಾದ್ದು. ಚಳಿಗಾಲದಲ್ಲಿ ಹಗಲು ಬಹಳ ಕಿರಿದಾಗುವ ಆ ಸೀಮೆಯಲ್ಲಿ ವಿಂಟರ್ ವೈಟ್‌ನ ಕೂದಲು ಬೆಳ್ಳಗಾಗುತ್ತದೆ. ಕಲಬುರಗಿಯಲ್ಲಿ ಡಿಸೆಂಬರಿನ ಹಗಲೂ ಸುಮಾರು 11 ತಾಸು ಇರುವುದರಿಂದ ಆ ಬಣ್ಣ ಬದಲಾವಣೆ ಇಲ್ಲಿ ಪೂರ್ತಿಯಾಗಿ ಕಾಣಸಿಗುವುದು ಕಷ್ಟ.

ಹ್ಯಾಮ್‌ಸ್ಟರ್ ನಮ್ಮಂತೆ ಬೆವರುವುದಿಲ್ಲ, ನಾಯಿಯಂತೆ ನಾಲಿಗೆ ಚಾಚಿ ತೇಕುತ್ತ ಮೈಯ ಶಾಖವನ್ನು ಹೊರಹಾಕಲೂ ಅದಕ್ಕೆ ಬರುವುದಿಲ್ಲ. 20ರಿಂದ 24 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಹಿತ. 30 ದಾಟಿದರೆ ಅಪಾಯ ಶುರುವಾಗುತ್ತದೆ. ನಮ್ಮಲ್ಲಿ ಹೊರಗಿನ ಉಷ್ಣತೆ 40 ದಾಟುವ ದಿನಗಳಲ್ಲಿ ಮಾಳಿಗೆಯ ಕೆಳಗಿನ ಕೋಣೆ ಸಂಜೆಯಾದ ಮೇಲೂ ತಣಿಯುವುದಿಲ್ಲ, ಏಕೆಂದರೆ ಹಗಲೆಲ್ಲ ಕುಡಿದ ಶಾಖವನ್ನು ಆರ್‌ಸಿಸಿ ಚಾವಣಿ ರಾತ್ರಿ ಕೆಳಗೆ ಬಿಡುತ್ತದೆ. ಆದ್ದರಿಂದ ಪಂಜರವನ್ನು ಮನೆಯ ನಡುವಿನ, ಪಶ್ಚಿಮದ ಗೋಡೆಗೆ ತಾಗದ ಕೋಣೆಯಲ್ಲಿ, ನೆಲಕ್ಕೆ ಹತ್ತಿರವಾಗಿ ಇಡಿ. ಸಾಧ್ಯವಿದ್ದರೆ ಬೇಸಿಗೆಯ ಮಟ್ಟಿಗೆ ಕೆಳಗಿನ ಮಹಡಿಯ ಬಂಧುಗಳ ಮನೆಯಲ್ಲಿ ಇರಿಸಿ. ನೂರಿನ್ನೂರು ರೂಪಾಯಿಯ ಒಂದು ಉಷ್ಣಮಾಪಕವನ್ನು ಪಂಜರದ ಪಕ್ಕದಲ್ಲೇ ತೂಗುಹಾಕಿ. ಫೋನ್ ತೋರಿಸುವುದು ಊರಿನ ಉಷ್ಣತೆಯನ್ನು, ನಿಮಗೆ ಬೇಕಾಗಿರುವುದು ಆ ಮೂಲೆಯದು.

ಶಹಾಬಾದ್ ಓದುಗರು

ನಮ್ಮೂರಿನ ಪರ್ಸಿ ಕಲ್ಲನ್ನು ಮರೆಯಬೇಡಿರಿ. ಬೇಸಿಗೆಯಲ್ಲಿ ನಮ್ಮ ಹಳೆಯ ಮನೆಗಳ ನೆಲದ ಮೇಲೆ ಚಾಪೆಯೂ ಇಲ್ಲದೆ ಮಲಗುವ ರೂಢಿ ಇರುವುದು ಆ ಕಲ್ಲು ತಂಪು ಎಂಬ ಕಾರಣಕ್ಕೇ. ಕಲ್ಲಿನ ಅಂಗಡಿಯವರು ಅಂಗೈ ಅಗಲದ ತುಂಡುಗಳನ್ನು ಹಾಗೆಯೇ ಕೊಟ್ಟುಬಿಡುತ್ತಾರೆ. ಎರಡು ತುಂಡು ತಂದು, ಅಂಚನ್ನು ಉಜ್ಜಿ ನುಣುಪು ಮಾಡಿ, ತೊಳೆದು ಒಣಗಿಸಿ, ಒಂದನ್ನು ಫ್ರಿಜ್ಜಿನ ಕೆಳಗಿನ ಅರೆಯಲ್ಲಿಯೂ ಇನ್ನೊಂದನ್ನು ಪಂಜರದಲ್ಲಿಯೂ ಇಟ್ಟು ಅದಲುಬದಲು ಮಾಡುತ್ತಿರಿ. ಫ್ರೀಜರಿನಲ್ಲಿ ಇಡಬಾರದು, ಒಳಗಿಡುವ ಮೊದಲು ಮೇಲಿನ ತೇವವನ್ನು ಒರೆಸಬೇಕು. ನಮ್ಮ ಮನೆಯಲ್ಲಿದ್ದ ಪ್ರಾಣಿ ಮಧ್ಯಾಹ್ನದ ಹೊತ್ತಿಗೆ ಗೂಡಿನಿಂದ ಹೊರಬಂದು ಕಲ್ಲಿನ ಮೇಲೆ ನಾಲ್ಕೂ ಕಾಲು ಚಾಚಿ ಹೊಟ್ಟೆ ಒತ್ತಿಕೊಂಡು ಮಲಗುತ್ತಿತ್ತು. ತಂಪು ಸಾಕೆನಿಸಿದಾಗ ತಾನೇ ಎದ್ದು ಹಾಸಿನೊಳಗೆ ನುಸುಳುತ್ತಿತ್ತು. ತಂಪಿನ ಜಾಗವೂ ಬೆಚ್ಚಗಿನ ಜಾಗವೂ ಎರಡೂ ಇದ್ದರೆ ಆಯ್ಕೆಯನ್ನು ಅದು ತಾನೇ ಮಾಡಿಕೊಳ್ಳುತ್ತದೆ. ಬಣ್ಣ ಹಚ್ಚದ ಸಣ್ಣ ಮಣ್ಣಿನ ಗಡಿಗೆಯೊಂದನ್ನು ಅಡ್ಡ ಮಲಗಿಸಿ ಅರ್ಧ ಹಾಸಿನಲ್ಲಿ ಹೂತರೆ ಅದಕ್ಕಿಂತ ಒಳ್ಳೆಯ ಮನೆ ಪೇಟೆಯಲ್ಲಿ ಸಿಗುವುದಿಲ್ಲ.

ಯಾದಗಿರಿ ಓದುಗರು

ಡಾಕ್ಟರ್ ಸಾಹೇಬರೇ, ಈ ಹ್ಯಾಮ್‌ಸ್ಟರುಗಳು ಗೋಬಿ ಮರುಭೂಮಿಯ ಕಡೆಯವು ಎಂದು ಕೇಳಿದ್ದೇನೆ. ಮರುಭೂಮಿಯ ಪ್ರಾಣಿಗೆ ನಮ್ಮ ಬಿಸಿಲು ಅಷ್ಟು ಭಾರವಾಗಲಾರದು ಎಂದು ನನ್ನ ಅನಿಸಿಕೆ. ಹಾಗೂ ಬೇಕೆನಿಸಿದರೆ ಕೂಲರನ್ನು ಪಂಜರದ ಎದುರಿಗೆ ಹಚ್ಚಿಟ್ಟರೆ ಸಾಕಲ್ಲವೇ?

ಪಶುವೈದ್ಯರು, ಬೀದರ್

ಅಣ್ಣನವರೇ, ಈ ಮಾತನ್ನು ನಂಬಿ ಸಾಕಿದವರ ಮನೆಯಲ್ಲಿ ಹ್ಯಾಮ್‌ಸ್ಟರ್ ಮೊದಲ ಬೇಸಿಗೆಯಲ್ಲೇ ಸತ್ತದ್ದನ್ನು ಕಂಡಿರುವುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಗೋಬಿ ಚಳಿಯ ಮರುಭೂಮಿ, ಅಲ್ಲಿಯ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುತ್ತದೆ. ಬೇಸಿಗೆಯಲ್ಲಿಯೂ ಈ ಪ್ರಾಣಿ ಹಗಲನ್ನು ನೆಲದೊಳಗಿನ ತಂಪು ಬಿಲದಲ್ಲಿ ಕಳೆದು ಮುಸ್ಸಂಜೆಯ ಮೇಲೆ ಹೊರಬರುತ್ತದೆ. ಬಿಸಿಲನ್ನು ತಡೆದುಕೊಂಡು ಬದುಕಿದ ಜೀವವಲ್ಲ ಅದು, ಬಿಸಿಲಿನಿಂದ ತಪ್ಪಿಸಿಕೊಂಡು ಬದುಕಿದ್ದು. ನಾವು ಪಂಜರದಲ್ಲಿ ಎರಡು ಬೆರಳು ಹೊಟ್ಟು ಹಾಸಿ ಬಿಟ್ಟಾಗ ತಪ್ಪಿಸಿಕೊಳ್ಳುವ ಆ ದಾರಿಯನ್ನೇ ಮುಚ್ಚಿದಂತಾಗುತ್ತದೆ.

ಕೂಲರ್ ಒಳ್ಳೆಯದೇ. ನಮ್ಮ ಬೇಸಿಗೆಯ ಗಾಳಿ ಒಣಗಿರುವುದರಿಂದ ಅದು ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಅದನ್ನು ಕೋಣೆಗೆ ಹಚ್ಚಬೇಕೇ ವಿನಾ ಪಂಜರಕ್ಕೆ ಮುಖ ಮಾಡಿ ಹಚ್ಚಬಾರದು. ತೇವದ ಗಾಳಿ ನೇರವಾಗಿ ಬಡಿಯುತ್ತಿದ್ದರೆ ಹಾಸು ಹಸಿಯಾಗಿ ಬೂಷ್ಟು ಹಿಡಿಯುತ್ತದೆ, ಪ್ರಾಣಿಗೆ ಶ್ವಾಸಕೋಶದ ಸೋಂಕು ತಗಲುತ್ತದೆ. ಎದುರಿನ ಕಿಟಕಿ ತುಸು ತೆರೆದಿರಲಿ. ಕರೆಂಟು ಹೋದಾಗಿನ ಮಧ್ಯಾಹ್ನಕ್ಕಾಗಿ ನೀರು ತುಂಬಿ ಹೆಪ್ಪುಗಟ್ಟಿಸಿದ ಬಾಟಲಿಗಳು ಸದಾ ಸಿದ್ಧವಿರಲಿ. ಅವುಗಳನ್ನು ಬಟ್ಟೆಯಲ್ಲಿ ಸುತ್ತಿ ಪಂಜರದ ಹೊರಗೆ ಒಂದೇ ಮಗ್ಗುಲಿಗೆ ಒರಗಿಸಿಡಬೇಕು.

ಬಿಸಿಲು ಬಡಿದ ಲಕ್ಷಣಗಳನ್ನು ಮನೆಯವರೆಲ್ಲ ತಿಳಿದಿರಬೇಕು. ಮೈ ಸಡಿಲಬಿಟ್ಟು ಚಪ್ಪಟೆಯಾಗಿ ಬೀಳುವುದು, ವೇಗದ ಉಸಿರು, ಬಾಯಿ ಸುತ್ತ ಜೊಲ್ಲಿನ ತೇವ, ನಡುಕ. ಕೂಡಲೇ ತಂಪಾದ ಕೋಣೆಗೆ ಒಯ್ದು, ಸಾಧಾರಣ ತಂಪಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯ ಮೇಲೆ ಮಲಗಿಸಿ, ಕಾಲು ಕಿವಿಗಳನ್ನು ತೇವ ಮಾಡಿರಿ. ಐಸ್ ನೀರಿನಲ್ಲಿ ಮುಳುಗಿಸಬಾರದು. ಎಚ್ಚರವಿದ್ದರೆ ಮಾತ್ರ ತುಟಿಗೆ ಹನಿ ನೀರು ಮುಟ್ಟಿಸಿ. ಎಚ್ಚರವಿಲ್ಲದ ಪ್ರಾಣಿಯ ಬಾಯಿಗೆ ನೀರು ಬಿಟ್ಟರೆ ಅದು ಶ್ವಾಸನಾಳಕ್ಕೆ ಹೋಗುತ್ತದೆ. ಚೇತರಿಸಿಕೊಂಡಂತೆ ಕಂಡರೂ ವೈದ್ಯರಿಗೆ ತೋರಿಸಿರಿ.

ಜೇವರ್ಗಿ ರಸ್ತೆ, ಕಲಬುರಗಿ (ಪ್ರಶ್ನೆ ಕೇಳಿದವರು)

ಬಹಳ ಉಪಕಾರವಾಯಿತು. ನನ್ನ ಯಜಮಾನರು ಸರಕಾರಿ ನೌಕರರು. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ನಮ್ಮ ವಿಭಾಗದ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವುದರಿಂದ, ಬಿಸಿಲು ಏರುವ ಹೊತ್ತಿಗೆ ಅವರು ಮನೆಯಲ್ಲಿರುತ್ತಾರೆ. ಕಲ್ಲು ಬದಲಿಸುವ ಕೆಲಸವನ್ನು ಅವರೇ ವಹಿಸಿಕೊಂಡಿದ್ದಾರೆ. ಪಂಜರವನ್ನು ನಡುಕೋಣೆಗೆ ಸರಿಸಿದೆವು. ಈಗ ಪಂಜರದ ಮಾತು ಹೇಳಿರಿ. ಇರುವುದು ಸಾಲದೇ?

ಸೇಡಂ ಶಿಕ್ಷಕರು

ಸಾಲದು ತಂಗಿ. ರಾತ್ರಿಯಿಡೀ ತಂತಿ ಕಡಿಯುತ್ತದೆ ಎಂದು ನೀವು ಬರೆದದ್ದೇ ಅದಕ್ಕೆ ಸಾಕ್ಷಿ. ಉದ್ದ ಒಂದು ಮೀಟರ್, ಅಗಲ ಅರ್ಧ ಮೀಟರ್ ಜಾಗ ಇರಲಿ ಎಂಬುದು ಈಗ ಬಲ್ಲವರು ಹೇಳುವ ಅಳತೆ. ಪೇಟೆಯಲ್ಲಿ ಅಷ್ಟು ದೊಡ್ಡದು ಸಿಗದಿದ್ದರೆ ಬಡಗಿಯಿಂದ ಮಾಡಿಸಿರಿ, ಅಥವಾ ಹಾಸಿಗೆ ಹೊದಿಕೆ ತುಂಬಿಡುವ ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆ ತಂದು, ಅದರ ಮುಚ್ಚಳವನ್ನೂ ಒಂದು ಪಕ್ಕವನ್ನೂ ಕೊಯ್ದು ಸಣ್ಣ ಕಣ್ಣಿನ ಕಬ್ಬಿಣದ ಜಾಳಿಗೆ ಬಿಗಿಯಿರಿ. ಡ್ವಾರ್ಫ್ ತಳಿಗೆ 7 ಮಿಲಿಮೀಟರಿಗಿಂತ ಅಗಲವಾದ ಸಂದು ಇರಬಾರದು; ತಲೆ ತೂರಿದರೆ ಮೈಯೂ ತೂರುತ್ತದೆ. ಹಳೆಯ ಮೀನಿನ ಗಾಜಿನ ತೊಟ್ಟಿ ಚಳಿಗಾಲಕ್ಕೆ ಚೆನ್ನ, ನಮ್ಮ ಬೇಸಿಗೆಗೆ ಅದರಲ್ಲಿ ಗಾಳಿಯಾಟ ಸಾಲದು.

ಹಾಸಿನ ಆಳದ ವಿಷಯದಲ್ಲಿ ಯಾರೂ ಜಿಪುಣತನ ಮಾಡಬಾರದು. ಕಡಿಮೆಯೆಂದರೆ 20 ಸೆಂಟಿಮೀಟರ್ ಇರಲಿ. ಡಾಕ್ಟರ್ ಸಾಹೇಬರು ಹೇಳಿದ ತಂಪು ಬಿಲ ಪಂಜರದೊಳಗೆ ಸಿದ್ಧಿಸುವುದು ಇದರಿಂದಲೇ. ಸಾಮಿಲ್ಲಿನ ನುಣ್ಣನೆಯ ಹೊಟ್ಟು ಬೇಡ, ಅದರ ಧೂಳು ಉಸಿರಿಗೆ ಹೋಗುತ್ತದೆ. ಪ್ಲೈವುಡ್ ಕೊಯ್ದ ಹೊಟ್ಟಿನಲ್ಲಿ ಅಂಟು ಇರುತ್ತದೆ. ದೇವದಾರು ಮತ್ತು ಹಸಿ ಪೈನ್ ಮರದ ಘಾಟು ಯಕೃತ್ತಿಗೆ ಕೆಟ್ಟದ್ದು. ಸುವಾಸನೆ ಇಲ್ಲದ ಬಿಳಿ ಟಿಶ್ಯೂ ಕಾಗದವನ್ನು ಹರಿದು, ಅದರ ನಡುವೆ ಚೆನ್ನಾಗಿ ಒಣಗಿದ ಹುಲ್ಲನ್ನು ಪದರ ಪದರವಾಗಿ ಸೇರಿಸಿ ಒತ್ತಿದರೆ ಬಿಲ ಕುಸಿಯದೆ ನಿಲ್ಲುತ್ತದೆ. ಹತ್ತಿಯನ್ನು ಮಾತ್ರ ಎಂದಿಗೂ ಇಡಬೇಡಿರಿ. ಮೆತ್ತಗಿದೆಯೆಂದು ಕೆಲವರು ಇಡುತ್ತಾರೆ. ಅದರ ಎಳೆ ಕಾಲಿಗೆ ಸುತ್ತಿಕೊಂಡು ರಕ್ತ ನಿಂತುಹೋಗುತ್ತದೆ, ನುಂಗಿದರೆ ಕರುಳು ಕಟ್ಟುತ್ತದೆ.

ಅಂಗೈ ಅಗಲದ ತಂತಿ ಚಕ್ರವನ್ನು ಇಂದೇ ತೆಗೆದುಬಿಡಿರಿ. ಅದರಲ್ಲಿ ಓಡುವಾಗ ಬೆನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗುತ್ತದೆ, ತಂತಿಯ ಸಂದಿನಲ್ಲಿ ಕಾಲು ಸಿಕ್ಕಿ ಮುರಿಯುತ್ತದೆ. ಸುಮಾರು 20 ಸೆಂಟಿಮೀಟರ್ ವ್ಯಾಸದ, ಓಡುವ ಪಟ್ಟಿ ಸಂದಿಲ್ಲದಂತಿರುವ ಚಕ್ರ ಬೇಕು. ಒಂದು ರಾತ್ರಿಯಲ್ಲಿ ಹಲವು ಕಿಲೋಮೀಟರ್ ಓಡುವ ಜೀವವಿದು.

ಸ್ನಾನಕ್ಕೆ ನೀರು ಬಳಸಬಾರದು, ಮರಳು ಬೇಕು. ಹೊಳೆಯ ಮರಳನ್ನು ಹಿಟ್ಟಿನ ಸಾಣಿಗೆಯಲ್ಲಿ ಜರಡಿ ಹಿಡಿದು, ಮೇಲೆ ಉಳಿದ ಹರಳನ್ನು ಎಸೆದು, ಕೆಳಗೆ ಬಿದ್ದದ್ದನ್ನು ನೀರು ತಿಳಿಯಾಗುವವರೆಗೆ ತೊಳೆದು ಧೂಳು ಕಳೆದು, ಹಂಚಿನ ಮೇಲೆ ಹುರಿದು ಆರಿಸಿ ಅಗಲ ಬಟ್ಟಲಲ್ಲಿ ಇಡಿರಿ. ಅದರಲ್ಲಿ ಹೊರಳಿ ಮೈಯ ಜಿಡ್ಡನ್ನು ತಾನೇ ಕಳೆದುಕೊಳ್ಳುತ್ತದೆ. ಬಹಳಷ್ಟು ಹ್ಯಾಮ್‌ಸ್ಟರುಗಳು ಅದೇ ಬಟ್ಟಲಲ್ಲಿ ಮೂತ್ರವನ್ನೂ ಮಾಡುವುದರಿಂದ ಶುಚಿ ಮಾಡುವುದು ಸುಲಭವಾಗುತ್ತದೆ. ಇಡೀ ಪಂಜರವನ್ನು ಒಮ್ಮೆಗೇ ಬರಿದು ಮಾಡಿ ತೊಳೆಯಬೇಡಿರಿ. ತನ್ನ ವಾಸನೆ ಅಳಿದ ಮನೆಯಲ್ಲಿ ಅದು ದಿಗಿಲುಗೊಳ್ಳುತ್ತದೆ. ಒದ್ದೆಯಾದ ಹಾಸನ್ನಷ್ಟೇ ತೆಗೆದು ಉಳಿದದ್ದನ್ನು ಹಾಗೆಯೇ ಬಿಡಿರಿ.

ಇನ್ನೊಂದು ಮಾತು. ಬೇಸಿಗೆಯಲ್ಲಿ ನಮ್ಮ ಮನೆಗಳಿಗೆ ಕೆಂಪಿರುವೆ ನುಗ್ಗುತ್ತವೆ. ಕೀಟನಾಶಕದ ಸೀಮೆಸುಣ್ಣದಿಂದ ಪಂಜರದ ಸುತ್ತ ಗೆರೆ ಎಳೆಯಬಾರದು, ಆ ವಿಷ ಹ್ಯಾಮ್‌ಸ್ಟರಿಗೂ ವಿಷವೇ. ಅಡುಗೆಮನೆಯ ಕಪಾಟಿಗೆ ಹಿಂದಿನವರು ಮಾಡುತ್ತಿದ್ದಂತೆ, ಪಂಜರ ಇಟ್ಟ ಗಿಡ್ಡ ಮೇಜಿನ ನಾಲ್ಕು ಕಾಲುಗಳನ್ನೂ ನೀರು ತುಂಬಿದ ಬಟ್ಟಲುಗಳಲ್ಲಿ ನಿಲ್ಲಿಸಿರಿ.

ಆಳಂದ ರೈತರು

ಎಲ್ಲರಿಗೂ ಶರಣು. ಆಹಾರದ ವಿಷಯದಲ್ಲಿ ನಾಲ್ಕು ಮಾತು. ಸೂರ್ಯಕಾಂತಿ ಬೀಜವೊಂದನ್ನೇ ತಿನ್ನಿಸಿದರೆ ಬೊಜ್ಜು ಬರುತ್ತದೆ. ಅದರಲ್ಲಿ ಎಣ್ಣೆಯೇ ಹೆಚ್ಚು. ನಮ್ಮ ಹೊಲದ ಕಾಳುಗಳೇ ಇದಕ್ಕೆ ಸಾಕಾಗುತ್ತವೆ. ನವಣೆ, ಸಜ್ಜೆ, ಬಿಳಿ ಜೋಳ ಹೆಚ್ಚಿನ ಪಾಲು ಇರಲಿ, ಅಗಸೆ ಸ್ವಲ್ಪ, ಕುಸುಬೆ ಮತ್ತು ಸೂರ್ಯಕಾಂತಿ ರುಚಿಗೆ ಒಂದೆರಡು. ನವಣೆಯ ಇಡೀ ತೆನೆಯನ್ನೇ ಪಂಜರದಲ್ಲಿ ನೆಟ್ಟಂತೆ ನಿಲ್ಲಿಸಿದರೆ ಅದು ಹತ್ತಿ ಕಾಳು ಬಿಡಿಸುವುದನ್ನು ಮಕ್ಕಳು ನೋಡಬೇಕು. ಎರಡೂ ಗಲ್ಲ ಹೆಗಲಿನವರೆಗೆ ಉಬ್ಬುತ್ತವೆ; ಆಮೇಲೆ ಗೂಡಿಗೆ ಹೋಗಿ ಮುಂಗಾಲಿನಿಂದ ಗಲ್ಲವನ್ನು ಹಿಂದಿನಿಂದ ಮುಂದಕ್ಕೆ ನೀವಿ ಕಾಳನ್ನೆಲ್ಲ ಉದುರಿಸಿ ಬಚ್ಚಿಡುತ್ತದೆ. ದಿನಕ್ಕೆ ಒಂದು ಟೀ ಚಮಚದಷ್ಟು ಸಾಕು. ಬಟ್ಟಲು ಬರಿದಾಯಿತೆಂದು ಮತ್ತೆ ಮತ್ತೆ ತುಂಬಬಾರದು, ಅದು ತಿಂದಿರುವುದಿಲ್ಲ, ಕೂಡಿಟ್ಟಿರುತ್ತದೆ.

ಮುಖ್ಯವಾದ ಎಚ್ಚರಿಕೆ ಏನೆಂದರೆ, ಬಿತ್ತನೆಗೆಂದು ಮಾರುವ ಬೀಜವನ್ನು ಎಷ್ಟೇ ತೊಳೆದರೂ ತಿನ್ನಿಸಬೇಡಿರಿ. ಗುಲಾಬಿಯಂಥ ಬಣ್ಣ ಹಚ್ಚಿದ ಆ ಕಾಳಿಗೆ ಬೂಷ್ಟುನಾಶಕ ಬಳಿದಿರುತ್ತಾರೆ. ಹುಳ ಹಿಡಿಯದಿರಲೆಂದು ಮನೆಯಲ್ಲಿ ಪುಡಿಯೋ ಗುಳಿಗೆಯೋ ಹಾಕಿಟ್ಟ ಜೋಳವೂ ಬೇಡ. ತೊಗರಿಯ ಕಣಜದವರು ನಾವು, ಬೇಳೆಯ ಆಸೆ ಸಹಜ. ಆದರೆ ಹಸಿ ಕಾಳುಗಡಲೆಗಳು, ಅದರಲ್ಲೂ ರಾಜ್ಮಾ, ಇದಕ್ಕೆ ಸಲ್ಲದು. ಬೆಲ್ಲ, ಮಾವು, ಬಾಳೆಹಣ್ಣು ವಾರಕ್ಕೊಮ್ಮೆ ಚೂರು ಕೊಡಬಹುದು.

ಪಶುವೈದ್ಯರು, ಬೀದರ್

ರೈತಬಂಧುಗಳು ಕಾಳಿನ ಬಗ್ಗೆ ಬರೆದದ್ದಕ್ಕೆ ನನ್ನ ಪೂರ್ಣ ಸಮ್ಮತಿ ಇದೆ, ಕೊನೆಯ ವಾಕ್ಯಕ್ಕೆ ಮಾತ್ರ ಇಲ್ಲ. ಕ್ಯಾಂಪ್‌ಬೆಲ್ ಮತ್ತು ಮಿಶ್ರ ತಳಿಗಳಿಗೆ ಸಕ್ಕರೆ ಕಾಯಿಲೆ ಬೇಗ ಬರುತ್ತದೆ. ಅಕ್ಕನವರ ಪ್ರಾಣಿಯ ತಳಿ ಖಚಿತವಿಲ್ಲದಿರುವುದರಿಂದ ಬೆಲ್ಲವನ್ನೂ ಹಣ್ಣನ್ನೂ ಪೂರ್ತಿಯಾಗಿ ಬಿಡುವುದೇ ಕ್ಷೇಮ. ಇದ್ದಕ್ಕಿದ್ದಂತೆ ನೀರು ಹೆಚ್ಚು ಕುಡಿಯುವುದು, ಹಾಸು ಬೇಗ ಒದ್ದೆಯಾಗುವುದು ಅದರ ಸೂಚನೆ. ಸೌತೆಕಾಯಿಯ ತೆಳು ಬಿಲ್ಲೆ, ಒಂದೆರಡು ಎಸಳು ಕೊತ್ತಂಬರಿ ಕೊಡಿರಿ. ಹಸಿ ತರಕಾರಿಯ ರೂಢಿ ಇಲ್ಲದಿದ್ದರೆ ಚೂರು ಚೂರಾಗಿ ಆರಂಭಿಸಿರಿ. ಉಪ್ಪು ಹಾಕದೆ ಬೇಯಿಸಿದ ಮೊಟ್ಟೆಯ ಬಿಳಿಭಾಗ ಕಡಲೆಕಾಳಿನಷ್ಟು ಆಗಾಗ ಕೊಡಬಹುದು. ಉಳ್ಳಾಗಡ್ಡಿ, ಬೆಳ್ಳುಳ್ಳಿ, ನಿಂಬೆ–ಕಿತ್ತಳೆ, ಹಸಿ ಆಲೂಗಡ್ಡೆ, ಚಾಕೊಲೇಟು ಬೇಡವೇ ಬೇಡ. ನೀರಿನ ಬಾಟಲಿಯ ಕೊಳವೆಯನ್ನು ದಿನಾ ಬೆರಳಿನಿಂದ ಒತ್ತಿ ಹನಿ ಬರುತ್ತದೆಯೇ ಎಂದು ನೋಡಿರಿ. ಒಳಗಿನ ಗುಂಡು ಸಿಕ್ಕಿಕೊಂಡರೆ ತುಂಬಿದ ಬಾಟಲಿಯ ಎದುರೇ ಪ್ರಾಣಿ ಬಾಯಾರುತ್ತದೆ.

ಇನ್ನೊಂದನ್ನು ತಂದು ಜೊತೆ ಮಾಡುವ ವಿಚಾರ ಕೈಬಿಡಿರಿ. ಬೆಳೆದ ಹ್ಯಾಮ್‌ಸ್ಟರ್ ಅಪರಿಚಿತ ಪ್ರಾಣಿಯನ್ನು ತನ್ನ ಜಾಗಕ್ಕೆ ಸೇರಿಸಿಕೊಳ್ಳುವುದಿಲ್ಲ. ಕಾದಾಟ ಸಾವಿನವರೆಗೂ ಹೋಗುತ್ತದೆ. ಗಂಡು–ಹೆಣ್ಣು ಸೇರಿದರೆ ಮೂರು ವಾರಗಳ ಆಸುಪಾಸಿನಲ್ಲಿ ಮರಿಗಳಾಗುತ್ತವೆ, ಹೆತ್ತ ಕೂಡಲೇ ಮತ್ತೆ ಗರ್ಭ ನಿಲ್ಲುತ್ತದೆ. ಅದು ಒಂಟಿತನದಿಂದ ಕೊರಗುತ್ತಿಲ್ಲ, ಇಕ್ಕಟ್ಟಿನಿಂದ ಬಳಲುತ್ತಿದೆ. ಮುಂದೆ ಎಂದಾದರೂ ಕೊಳ್ಳುವವರು, 2018ರ ಸಾಕುಪ್ರಾಣಿ ಅಂಗಡಿ ನಿಯಮಗಳಲ್ಲಿ ಹ್ಯಾಮ್‌ಸ್ಟರಿನ ಹೆಸರೂ ಸೇರಿದೆ ಎಂಬುದನ್ನು ನೆನಪಿಟ್ಟು, ಅಂಗಡಿಗೆ ನೋಂದಣಿ ಇದೆಯೇ ಎಂದು ಕೇಳಿರಿ.

ಹುಮನಾಬಾದ್ ಗೃಹಿಣಿ

ಮಗಳ ವಿಷಯವಾಗಿ ಬರೆಯುತ್ತಿದ್ದೇನೆ ಅಕ್ಕ. ಹಗಲು ನಿದ್ದೆಯಿಂದ ಎಬ್ಬಿಸಿ ಎತ್ತಿಕೊಂಡರೆ ಯಾವ ಜೀವವಾದರೂ ಕಚ್ಚುತ್ತದೆ. ಅದಕ್ಕೆ ಕಣ್ಣು ಮಂದ, ಮೂಗು ಚುರುಕು. ಮೇಲಿನಿಂದ ಇಳಿದುಬರುವ ಕೈ ಅದಕ್ಕೆ ಹದ್ದಿನಂತೆಯೇ ಭಾಸವಾಗುತ್ತದೆ. ಮೊದಲ ಕೆಲವು ದಿನ ಮುಟ್ಟದೆ, ಸಂಜೆ ಅದು ಎದ್ದ ಮೇಲೆ ಪಂಜರದ ಪಕ್ಕದಲ್ಲಿ ಕುಳಿತು ಮೆಲ್ಲಗೆ ಮಾತಾಡಲಿ. ಆಮೇಲೆ ವಾಸನೆಯಿಲ್ಲದ ಸಾಬೂನಿನಿಂದ ಕೈ ತೊಳೆದು, ಅಂಗೈಯಲ್ಲಿ ಒಂದು ಕುಸುಬೆ ಕಾಳಿಟ್ಟು, ಕೈಯನ್ನು ಹಾಸಿನ ಮೇಲೆ ಅಂಗಾತ ಇರಿಸಿ ಕದಲದೆ ಕಾಯಲಿ. ಅದು ಮೂಸಿ ಓಡುತ್ತದೆ, ಮತ್ತೆ ಬರುತ್ತದೆ, ಒಂದು ದಿನ ಮುಂಗಾಲು ಇಡುತ್ತದೆ. ತಾನಾಗಿಯೇ ಅಂಗೈ ಏರುವವರೆಗೆ ಎತ್ತಬಾರದು. ಎತ್ತುವಾಗಲೂ ನೆಲದ ಮೇಲೆ ಕುಳಿತೇ ಎತ್ತಬೇಕು. ನಿಂತವರ ಕೈಯಿಂದ ಬಿದ್ದರೆ ಮೂಳೆ ಮುರಿಯುತ್ತದೆ. ಕೆಲವು ಹ್ಯಾಮ್‌ಸ್ಟರುಗಳು ಎಂದಿಗೂ ಕೈಗೆ ಒಗ್ಗುವುದಿಲ್ಲ. ಹಾಗಾದರೆ ನೋಡಿ ಸಂತೋಷಪಡುವುದನ್ನು ಮಗಳಿಗೆ ಕಲಿಸಿರಿ, ಅದೂ ಪ್ರೀತಿಯೇ.

ಜೇವರ್ಗಿ ರಸ್ತೆ, ಕಲಬುರಗಿ (ಪ್ರಶ್ನೆ ಕೇಳಿದವರು)

ಎಲ್ಲರ ಮಾತನ್ನೂ ಮಗಳು ನೋಟುಪುಸ್ತಕದಲ್ಲಿ ಬರೆದುಕೊಂಡಿದ್ದಾಳೆ. ಕೊನೆಯದಾಗಿ ಕಾಯಿಲೆಯ ವಿಷಯ. ಭೇದಿ, ನೆಗಡಿ ಏನಾದರೂ ಆದರೆ ಮನೆಯಲ್ಲಿರುವ ಮಕ್ಕಳ ಔಷಧಿಯನ್ನೇ ಒಂದು ಹನಿ ಕೊಡಬಹುದೇ? ನಮ್ಮ ನಾದಿನಿ ಈಗ ಗರ್ಭಿಣಿ, ಹೆರಿಗೆಗೆ ಇಲ್ಲಿಗೇ ಬರುವವಳಿದ್ದಾಳೆ. ಅದರಿಂದ ತೊಂದರೆ ಉಂಟೇ?

ಪಶುವೈದ್ಯರು, ಬೀದರ್

ಮನೆಯ ಔಷಧಿ ಖಂಡಿತ ಬೇಡ. ಪೆನಿಸಿಲಿನ್, ಆಂಪಿಸಿಲಿನ್, ಅಮಾಕ್ಸಿಸಿಲಿನ್ ಗುಂಪಿನ, ಮಕ್ಕಳಿಗೆ ಸಾಮಾನ್ಯವಾಗಿ ಕೊಡುವ ಔಷಧಿಗಳು ಹ್ಯಾಮ್‌ಸ್ಟರಿನ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಅಳಿಸಿ, ವಿಷ ಉಗುಳುವ ಕ್ಲಾಸ್ಟ್ರಿಡಿಯಂ ಎಂಬ ಸೂಕ್ಷ್ಮಜೀವಿ ಬೆಳೆಯಲು ಎಡೆಮಾಡಿಕೊಡುತ್ತವೆ. ಒಂದೆರಡು ಪ್ರಮಾಣದಲ್ಲಿಯೇ ಪ್ರಾಣಿ ಸಾಯಬಹುದು. ಎರಿತ್ರೋಮೈಸಿನ್, ಕ್ಲಿಂಡಾಮೈಸಿನ್ ಕೂಡ ಹಾಗೆಯೇ. ವೈದ್ಯರ ಬಳಿ ಹೋದಾಗಲೂ ಇದು ಹ್ಯಾಮ್‌ಸ್ಟರ್ ಎಂಬುದನ್ನು ಮೊದಲಿಗೇ ಹೇಳಿರಿ. ಬಾಲದ ಬುಡ ಒದ್ದೆಯಾಗುವುದು, ಕಣ್ಣು ಅಂಟುವುದು, ಉಸಿರಿನಲ್ಲಿ ಕಿಚ್ ಕಿಚ್ ಸದ್ದು, ಸಂಜೆಯಾದರೂ ಹೊರಬಾರದಿರುವುದು ಕಂಡರೆ ಮರುದಿನಕ್ಕೆ ಕಾಯಬೇಡಿರಿ. ಬಾಚಿಹಲ್ಲು ಹಳದಿಯಾಗಿರುವುದು ಸಹಜ, ಅದಕ್ಕೆ ಹೆದರಬೇಕಿಲ್ಲ. ವಾರಕ್ಕೊಮ್ಮೆ ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ ಬರೆದಿಡಿರಿ. ತೂಕದ ಹತ್ತನೆಯ ಒಂದು ಭಾಗ ಇಳಿದಿದ್ದರೆ ಒಳಗೆ ಏನೋ ನಡೆದಿದೆ.

ನಾದಿನಿಯವರು ಪಂಜರದಿಂದ ದೂರವಿರುವುದೇ ಒಳ್ಳೆಯದು. ಇಲಿ ಜಾತಿಯ ಪ್ರಾಣಿಗಳಿಂದ ಹರಡುವ ಎಲ್‌ಸಿಎಂ ಎಂಬ ವೈರಸ್ ಅಪರೂಪದ್ದಾದರೂ ಗರ್ಭದ ಶಿಶುವಿಗೆ ಕಠಿಣ ಹಾನಿ ಮಾಡುತ್ತದೆ. ಹೆರಿಗೆಯಾಗುವವರೆಗೆ ಪಂಜರವನ್ನು ಅವರು ಮಲಗುವ ಕೋಣೆಯಿಂದ ಬೇರೆಡೆ ಇಡಿರಿ, ಹಾಸನ್ನು ಬೇರೆಯವರು ಬದಲಿಸಲಿ. ಮನೆಯ ಇಲಿಗಳು ಆ ಪಂಜರದ ಹತ್ತಿರ ಸುಳಿಯದಂತೆ ನೋಡಿಕೊಳ್ಳುವುದೂ ಇದೇ ಕಾರಣಕ್ಕೆ ಮುಖ್ಯ. ಪಂಜರ ಮುಟ್ಟಿದ ಮೇಲೆ ಎಲ್ಲರೂ ಸಾಬೂನಿನಿಂದ ಕೈ ತೊಳೆಯಬೇಕು.

ಕಲಬುರಗಿಯಲ್ಲಿ ಇಷ್ಟು ಚಿಕ್ಕ ಪ್ರಾಣಿ ನೋಡುವವರು ಯಾರೆಂದು ಆರೋಗ್ಯವಾಗಿರುವಾಗಲೇ ಫೋನ್ ಮಾಡಿ ಕೇಳಿ ಗೊತ್ತುಮಾಡಿಕೊಳ್ಳಿರಿ. ಸಿಗದಿದ್ದರೆ ಬೀದರಿನ ನಂದಿನಗರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ. ಅಲ್ಲಿಯ ಕಾಲೇಜಿನ ಆಸ್ಪತ್ರೆಗೂ ಮೊದಲು ಕೇಳಿಕೊಂಡೇ ಬನ್ನಿರಿ. ಹುಮನಾಬಾದ್ ದಾರಿಯಾಗಿ ಸುಮಾರು 110 ಕಿಲೋಮೀಟರ್. ಬೇಸಿಗೆಯಲ್ಲಿ ಬೆಳಕು ಹರಿಯುವ ಮೊದಲೇ ಹೊರಡಿರಿ, ವಾಹನ ನಿಲ್ಲಿಸಿದಾಗ ಪ್ರಾಣಿಯನ್ನು ಒಳಗೆ ಬಿಟ್ಟು ಇಳಿಯಬೇಡಿರಿ. ಗಾಳಿಯಾಡುವ ಚಿಕ್ಕ ಗಟ್ಟಿ ಡಬ್ಬಿಯಲ್ಲಿ ಅದರ ಹಳೆಯ ಹಾಸನ್ನೇ ತುಂಬಿ, ಸೋರುವ ನೀರಿನ ಬಾಟಲಿಯ ಬದಲು ಸೌತೆಕಾಯಿಯ ತುಂಡು ಇಡಿರಿ. ಅಂದಿನ ಹಿಕ್ಕೆಯ ನಾಲ್ಕು ಕಾಳನ್ನು ಚೀಟಿಯಲ್ಲಿ ಕಟ್ಟಿಕೊಂಡು, ಮಗಳು ಬರೆದಿಟ್ಟ ತೂಕದ ಪಟ್ಟಿಯನ್ನೂ ತನ್ನಿರಿ.